ಗಿರಣಿಗೆ ಒಡೆಯರು ಒಬ್ಬರು, ಯಜಮಾನರು ಇನ್ನೊಬ್ಬರು

ಘಟಪ್ರಭೆ 170 ಅಡಿ ಧುಮುಕುವ ಗೋಕಾಕ ಜಲಪಾತಕ್ಕೆ ಬಂದವರು ತೂಗುಸೇತುವೆ ನೋಡುತ್ತಾರೆ, ಕರದಂಟು ಕೊಂಡು ಹೋಗುತ್ತಾರೆ. ಪಕ್ಕದ ನೂಲಿನ ಗಿರಣಿಯತ್ತ ಗಮನ ಹರಿಸುವವರು ಕಡಿಮೆ. ನಮ್ಮ ದೇಶದ ಕಂಪೆನಿ ಕಾನೂನು ನಡೆದುಬಂದ ದಾರಿಗೆ ಈ ಗಿರಣಿ ಸಾಕ್ಷಿಯಾಗಿದೆ.

ಗೋಕಾಕ್ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪೆನಿ ಹುಟ್ಟಿದ್ದು 1885ರಲ್ಲಿ. ಈಗ ಬೇರೆ ತಾಲ್ಲೂಕಾಗಿರುವ ಮೂಡಲಗಿ ಕೂಡ ಅಂದು ಗೋಕಾಕಕ್ಕೇ ಸೇರಿತ್ತು. 1887ರಲ್ಲಿ ನೀರಿನ ಬಲದಿಂದ ಗಿರಣಿ ಓಡತೊಡಗಿತು. ಕಾಗದದ ಮೇಲೆ ಅದರ ಒಡೆಯರು ಷೇರುದಾರರು. ಆದರೆ ಆಡಳಿತವೆಲ್ಲ ಮುಂಬೈಯ ಫೋರ್ಬ್ಸ್, ಫೋರ್ಬ್ಸ್, ಕ್ಯಾಂಪ್‌ಬೆಲ್ ಪೇಢಿಯದು.

ಇದಕ್ಕೆ ಮ್ಯಾನೇಜಿಂಗ್ ಏಜೆನ್ಸಿ ಪದ್ಧತಿ ಎಂದು ಹೆಸರು. ಪೇಢಿಯೊಂದು ಕಂಪೆನಿ ಹುಟ್ಟುಹಾಕುವುದು, ಜನರಿಂದ ಬಂಡವಾಳ ಎತ್ತುವುದು, ಬಳಿಕ ತನ್ನನ್ನೇ ಅದರ ಏಜೆಂಟನಾಗಿ ದೀರ್ಘಕಾಲದ ಕರಾರಿನ ಮೇಲೆ ನೇಮಿಸಿಕೊಳ್ಳುವುದು. ಹತ್ತಿ ಕೊಳ್ಳುವವರು, ನೂಲು ಮಾರುವವರು, ಸಾಲ ತರುವವರು ಎಲ್ಲ ಏಜೆಂಟರೇ. ಬಂಡವಾಳವೂ ಅನುಭವಿ ಆಡಳಿತಗಾರರೂ ವಿರಳವಾಗಿದ್ದ ಕಾಲಕ್ಕೆ ಇದರಿಂದ ಉಪಯೋಗವಾಯಿತು ಎಂಬುದನ್ನು ಅಲ್ಲಗಳೆಯಲಾಗದು. ತೊಡಕು ಇದ್ದುದು ಕಮಿಷನ್‌ನಲ್ಲಿ. ಹಲವು ಗಿರಣಿಗಳಲ್ಲಿ ಅದನ್ನು ಲಾಭದ ಮೇಲಲ್ಲ, ಉತ್ಪಾದನೆ ಅಥವಾ ಮಾರಾಟದ ಮೇಲೆ ಲೆಕ್ಕ ಹಾಕುತ್ತಿದ್ದರು. ಗಿರಣಿಗೆ ನಷ್ಟವಾದರೂ ಏಜೆಂಟನ ಗಂಟು ತುಂಬುತ್ತಿತ್ತು! ಕೆಲವೆಡೆ ಏಜೆನ್ಸಿ ತಂದೆಯಿಂದ ಮಗನಿಗೆ ಹೊಲಮನೆಯಂತೆ ಇಳಿದುಬರುತ್ತಿತ್ತು.

1882ರ ಮತ್ತು 1913ರ ಕಂಪೆನಿ ಕಾಯ್ದೆಗಳು ಈ ವ್ಯವಸ್ಥೆಯ ಗೋಜಿಗೇ ಹೋಗಲಿಲ್ಲ. 1936ರ ತಿದ್ದುಪಡಿ ಮೊದಲ ಸಲ ಕಡಿವಾಣ ಹಾಕಿತು: ಕರಾರಿಗೆ ಒಮ್ಮೆಗೆ 20 ವರ್ಷದ ಮಿತಿ, ಕಮಿಷನ್‌ಗೆ ನಿವ್ವಳ ಲಾಭವೇ ಆಧಾರ. ಸ್ವಾತಂತ್ರ್ಯಾನಂತರ ಭಾಭಾ ಸಮಿತಿಯ ವರದಿಯನ್ನು ಆಧರಿಸಿ ಬಂದ 1956ರ ಕಾಯ್ದೆ ಈ ಮಿತಿಗಳನ್ನು ಇನ್ನಷ್ಟು ಬಿಗಿಗೊಳಿಸಿತು. ಒಬ್ಬ ಏಜೆಂಟನಿಗೆ ಹತ್ತಕ್ಕಿಂತ ಹೆಚ್ಚು ಕಂಪೆನಿ ಇರಕೂಡದೆಂದಿತು. 1969ರಲ್ಲಿ ಸಂಸತ್ತು ಪದ್ಧತಿಯನ್ನೇ ರದ್ದುಪಡಿಸಿತು. ಅದು ಜಾರಿಗೆ ಬಂದದ್ದು 1970ರ ಏಪ್ರಿಲ್ 3ರಂದು. ಗೋಕಾಕದ ಕಂಪೆನಿ ಹುಟ್ಟಿ ಆಗ 85 ವರ್ಷ.

ಕಾನೂನು ಏಜೆಂಟನನ್ನು ತೆಗೆಯಿತು, ನಂಟನ್ನು ತೆಗೆಯಲಿಲ್ಲ. 1990ರ ದಶಕದಲ್ಲಿ ಪೇಢಿ, ಗಿರಣಿ ಒಂದಾಗಿ ‘ಫೋರ್ಬ್ಸ್ ಗೋಕಾಕ್’ ಎಂಬ ಹೆಸರೇ ಬಂತು. ಮುಂದೆ ಗಿರಣಿ ಬೇರ್ಪಟ್ಟು ಗೋಕಾಕ್ ಟೆಕ್ಸ್‌ಟೈಲ್ಸ್ ಆಯಿತು. 2013ರ ಹೊಸ ಕಾಯ್ದೆ ಷೇರುಪೇಟೆಯ ಕಂಪೆನಿಗಳಲ್ಲಿ ಮೂರನೇ ಒಂದರಷ್ಟು ಸ್ವತಂತ್ರ ನಿರ್ದೇಶಕರಿರಬೇಕೆಂದು ವಿಧಿಸಿತು. ಸಣ್ಣ ಷೇರುದಾರನ ಪರವಾಗಿ ಪ್ರಶ್ನೆ ಕೇಳುವವರು ಯಾರು ಎಂಬ ಹಳೆಯ ಪ್ರಶ್ನೆಗೆ ಇದು ಇನ್ನೊಂದು ಉತ್ತರ.

ಏಜೆನ್ಸಿ ರದ್ದತಿಗೆ ಸಂಸತ್ತು ಒಪ್ಪಿದ 1969ರಲ್ಲೇ ನೆರೆಯ ಹುಕ್ಕೇರಿಯಲ್ಲಿ ಬೇರೊಂದು ಪ್ರಯೋಗ ನಡೆಯಿತು. ದೇಶದಲ್ಲಿ ಮಾದರಿಗೆಂದು ಆರಿಸಿದ ಐದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳಲ್ಲಿ ಒಂದು ಇಲ್ಲಿ ಸ್ಥಾಪನೆಯಾಯಿತು. ವಿದ್ಯುತ್ತನ್ನು ಸಗಟಾಗಿ ಕೊಂಡು ಹಳ್ಳಿಗಳಿಗೆ ಹಂಚುವುದು ಅದರ ಕೆಲಸ. ಕಂಪೆನಿಯಲ್ಲಿ ಷೇರು ಹೆಚ್ಚಿದ್ದವನಿಗೆ ಮತವೂ ಹೆಚ್ಚು. ಸಹಕಾರಿ ಸಂಘದಲ್ಲಿ ಹಾಗಲ್ಲ. ನೂರು ಎಕರೆಯ ಜಮೀನುದಾರನಿಗೂ ಒಂದೇ ಮತ, ಒಂದು ದೀಪದ ಗುಡಿಸಲಿನ ಸದಸ್ಯನಿಗೂ ಒಂದೇ ಮತ. ಹಾಗೆಂದು ಅಲ್ಲಿ ಪೈಪೋಟಿ ಇಲ್ಲವೆಂದಲ್ಲ. ಸಂಘದ ಚುನಾವಣೆ ಬಂತೆಂದರೆ ತಾಲ್ಲೂಕಿನ ರಾಜಕೀಯವೆಲ್ಲ ಅಲ್ಲಿಗೇ ಬಂದು ನಿಲ್ಲುತ್ತದೆ.