ಗುಡ್ಡದ ಓಟಕ್ಕೊಬ್ಬ ಹಿಂದಾಳು

ನಲವತ್ತು ದಾಟಿದ ಕನ್ನಡ ಮೇಷ್ಟ್ರೊಬ್ಬ ಗುಡ್ಡ ಹತ್ತಿ ಓಡುತ್ತಾನೆಂದರೆ ನಮ್ಮ ಕಡೆ ಜನ ಮೊದಲು ನಗುತ್ತಾರೆ. ಆಮೇಲೆ ದನಿ ತಗ್ಗಿಸಿ, ಸಕ್ಕರೆ ಕಾಯಿಲೆಯೇ ಎಂದು ವಿಚಾರಿಸುತ್ತಾರೆ. ನನಗೆ ಆ ಕಾಯಿಲೆ ಇನ್ನೂ ಬಂದಿಲ್ಲ. ನನ್ನನ್ನು ಓಟಕ್ಕೆ ಹಚ್ಚಿದವರು ನನ್ನ ವಿದ್ಯಾರ್ಥಿಗಳು. ಭಾನುವಾರ ಬೆಳಿಗ್ಗೆ ಹಾಸನದಿಂದ ಹೊರಟು ಕಟ್ಟಾಯದ ಕಡೆಯ ಗುಡ್ಡಗಳನ್ನು ಗುಂಪಾಗಿ ಓಡಿ ಹತ್ತಿ ಇಳಿಯುವುದು, ಹುಣ್ಣಿಮೆಯ ಆಸುಪಾಸಿನಲ್ಲಿ ಅದನ್ನೇ ರಾತ್ರಿ ಮಾಡುವುದು, ಇದು ಅವರ ಹವ್ಯಾಸ. ಹಿರಿಯರೊಬ್ಬರು ಜೊತೆಗಿದ್ದರೆ ಮಾತ್ರ ಕಳುಹಿಸುತ್ತೇವೆ ಎಂದು ಮನೆಗಳಲ್ಲಿ ಹೇಳಿದರಂತೆ. "ಸರ್, ನೀವು ಕಟ್ಟಾಯದವರು, ದಾರಿ ಗೊತ್ತು. ನೀವೇ ಮುಂದೆ ಓಡ್ಬೇಕು" ಎಂದು ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತರು. ಸಂಬಳವಿಲ್ಲ, ಭತ್ಯವಿಲ್ಲ, ಹಾಜರಿ ಪುಸ್ತಕವೂ ಇಲ್ಲದ ಈ ಕೆಲಸವನ್ನು ನಾನೇಕೆ ಒಪ್ಪಿಕೊಂಡೆನೋ! 'ಮುಂದೆ' ಎಂಬ ಮಾತು ಕಿವಿಗೆ ಇಂಪಾಗಿ ಕೇಳಿಸಿರಬೇಕು.

ಅವರಲ್ಲೊಬ್ಬ, "ಇರುಳು ಓಡೋದು ನಮ್ಮಲ್ಲಿ ಇರಲಿಲ್ಲ ಅಲ್ವಾ ಸರ್? ಇದು ಹೊರದೇಶದ್ದು" ಎಂದ. ಪಾಠ ಹೇಳುವವನನ್ನು ಕೆಣಕಲು ಅಷ್ಟು ಸಾಕು. ಇಲ್ಲಪ್ಪ, ಅಂಚೆಯವರು ಓಡುತ್ತಿದ್ದರು ಎಂದೆ. ಅಂಚೆಯವರು ಬೈಕಿನಲ್ಲಿ ಬರುವುದನ್ನು ಮಾತ್ರ ಕಂಡ ಹುಡುಗ ನನ್ನ ಮುಖವನ್ನೇ ನೋಡಿದ.

ಮೈಸೂರಿನ ಚಿಕ್ಕದೇವರಾಜ ಒಡೆಯರು ಆಳಿದ್ದು 1673ರಿಂದ 1704ರವರೆಗೆ. ರಾಜ್ಯದ ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ಹಂಚಿದ ಅರಸರೆಂದು ಅವರು ಪ್ರಸಿದ್ಧರು. ಅವುಗಳಲ್ಲಿ ಅಂಚೆಯ ಚಾವಡಿಯೂ ಒಂದು. ಬೆಂಗಳೂರಿನಲ್ಲಿ 1868ರಲ್ಲಿ ಮುಗಿದ ಕೆಂಪು ಕಟ್ಟಡಕ್ಕೆ, ಇಂದಿನ ಹೈಕೋರ್ಟಿಗೆ, 'ಅಠಾರಾ ಕಚೇರಿ' ಎಂಬ ಹೆಸರು ಅಂಟಿದ್ದು ಈ ಹದಿನೆಂಟರ ನೆನಪಿನಿಂದಲೇ. ಅಂಚೆಯವರು ಓಲೆ ಸಾಗಿಸುವುದರ ಜೊತೆಗೆ ಊರೂರಿನ ಗುಟ್ಟುಗಳನ್ನೂ ಅರಮನೆಗೆ ಮುಟ್ಟಿಸುತ್ತಿದ್ದರೆಂದು ಕರ್ನಲ್ ವಿಲ್ಕ್ಸ್ ತನ್ನ ಮೈಸೂರು ಚರಿತ್ರೆಯಲ್ಲಿ ಬರೆದಿದ್ದಾನೆ. ಹೈದರ್, ಟಿಪ್ಪು, ಪೂರ್ಣಯ್ಯ, ಕಮಿಷನರುಗಳು, ಹೀಗೆ ಆಳುವವರು ಬದಲಾದರೂ ಅಂಚೆ ನಿಲ್ಲಲಿಲ್ಲ. ಸುಮಾರು ಎರಡು ನೂರು ವರ್ಷ ಬಾಳಿ, 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿಹೋಯಿತು.

ಹಂಸಕ್ಕೆ ಹಳಗನ್ನಡದಲ್ಲಿ 'ಅಂಚೆ' ಎಂಬ ತದ್ಭವ ಉಂಟು. ನಳನ ಸುದ್ದಿಯನ್ನು ದಮಯಂತಿಗೆ ಮುಟ್ಟಿಸಿದ ಹಂಸದಿಂದಲೇ ಟಪ್ಪಾಲಿಗೆ ಈ ಹೆಸರು ಬಂತೆಂದು ತರಗತಿಯಲ್ಲಿ ಪ್ರತಿವರ್ಷವೂ ಒಬ್ಬರಾದರೂ ಹೇಳುತ್ತಾರೆ. ಕಥೆ ಚೆನ್ನಾಗಿದೆ, ಆದರೆ ಅದನ್ನು ವ್ಯುತ್ಪತ್ತಿಯೆಂದು ಬರೆದರೆ ನಾನು ಅಂಕ ಕೊಡುವುದಿಲ್ಲ. ನೆರೆಯ ತಿರುವಾಂಕೂರಿನವರು ಇದನ್ನೇ 'ಅಂಚಲ್' ಎನ್ನುತ್ತಿದ್ದರು. ಅವರ ಅಂಚಲ್ ಓಟಗಾರನ ಕೈಯಲ್ಲಿ ಗಂಟೆ ಕಟ್ಟಿದ ಕೋಲಿರುತ್ತಿತ್ತು. ಆ ಸದ್ದು ಕೇಳಿದರೆ ದಾರಿಹೋಕರು ಬದಿಗೆ ಸರಿದು ದಾರಿ ಬಿಡಬೇಕು. ಆ ಇಲಾಖೆ 1951ರವರೆಗೂ ಉಳಿದಿತ್ತು.

ಗಂಟೆಯ ಕೋಲು ಬಹಳ ಹಳೆಯದು. 1333ರಲ್ಲಿ ಸಿಂಧ್ ಪ್ರಾಂತಕ್ಕೆ ಬಂದಿಳಿದ ಇಬ್ನ್ ಬತೂತಾ ದೆಹಲಿ ಸುಲ್ತಾನನ ಅಂಚೆಯನ್ನು ಬಣ್ಣಿಸುತ್ತಾನೆ. ಕುದುರೆಯ ಅಂಚೆ ಒಂದು, ಕಾಲಾಳಿನ ಅಂಚೆ ಇನ್ನೊಂದು. ಇವೆರಡರಲ್ಲಿ ಕಾಲಾಳಿನದೇ ಚುರುಕು. ಮೈಲಿಗೆ ಮೂರು ಕಟ್ಟೆಯಂತೆ ಓಟಗಾರರು ಕಚ್ಚೆ ಬಿಗಿದು ಕಾದಿರುತ್ತಿದ್ದರು. ಓಡಿ ಬರುವವನ ಒಂದು ಕೈಯಲ್ಲಿ ಓಲೆ, ಮತ್ತೊಂದರಲ್ಲಿ ತುದಿಗೆ ತಾಮ್ರದ ಗಂಟೆಗಳಿದ್ದ ಎರಡು ಮೊಳದ ಕೋಲು. ಗಂಟೆಯ ದನಿ ದೂರದಲ್ಲಿ ಕೇಳಿದೊಡನೆ ಮುಂದಿನವನು ಎದ್ದು ನಿಲ್ಲುತ್ತಿದ್ದ. ಸುಲ್ತಾನ ದೌಲತಾಬಾದಿನಲ್ಲಿದ್ದಾಗ ಅವನು ಕುಡಿಯುವ ಗಂಗೆಯ ನೀರನ್ನೂ, ನಲವತ್ತು ದಿನದ ದಾರಿಯನ್ನು, ಹೀಗೆ ಓಡಿಯೇ ತರುತ್ತಿದ್ದರಂತೆ. ಅದಕ್ಕೂ ಮೊದಲು ಚೀನದಲ್ಲಿ ಮಾರ್ಕೊ ಪೋಲೊ ಕಂಡ ಓಟಗಾರರ ನಡುಪಟ್ಟಿಯಲ್ಲಿಯೂ ಗಂಟೆಗಳಿದ್ದವು.

ಬಯಲು ಸೀಮೆಯ ಹಗಲಿನ ಓಟಕ್ಕೆ ಗಂಟೆ ಸಾಕು. ಕಾಡಿಗೂ ಇರುಳಿಗೂ ಅದು ಸಾಲದು. ಸಕಲೇಶಪುರದಾಚೆ ಘಟ್ಟ ಇಳಿಯುವ ದಾರಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ದಾರಿಯ ಮೇಲೆ ಕಣ್ಣಿಡಲೆಂದೇ ಟಿಪ್ಪು ಮಂಜರಾಬಾದಿನಲ್ಲಿ ನಕ್ಷತ್ರದಾಕಾರದ ಕೋಟೆ ಕಟ್ಟಿಸಿದ್ದು. ಕಂಪನಿಯ ಕಾಲದಲ್ಲಿ ಕಾಡುದಾರಿಯ ಹರಿಕಾರನ ಜೊತೆಗೆ ದೀವಟಿಗೆಯವನೊಬ್ಬ, ತಮಟೆಯವನೊಬ್ಬ ಹೋಗುವ ಪದ್ಧತಿಯಿತ್ತು: ದಾರಿ ಕಾಣಲು ಬೆಳಕು, ಹುಲಿ ಚಿರತೆಗಳನ್ನು ಬೆದರಿಸಲು ಸದ್ದು. ಅಂಚೆಯ ಚರಿತ್ರೆ ಬರೆದವರು ಅರಸರನ್ನು ಹೊಗಳಿದ್ದಾರೆ, ಹರಿಕಾರನ ಚಿತ್ರವನ್ನೂ ಹಾಕಿದ್ದಾರೆ. ದೀವಟಿಗೆಯವನು ಆ ಚಿತ್ರದ ಅಂಚಿನಲ್ಲೆಲ್ಲೋ ಅರ್ಧ ಕಾಣುತ್ತಾನೆ. ಅವನೂ ಅಷ್ಟೇ ದೂರ ಓಡಿದವನಲ್ಲವೇ? ಅದೂ ಒಂದು ಕೈಯಲ್ಲಿ ಉರಿಯುವ ಪಂಜು, ಇನ್ನೊಂದರಲ್ಲಿ ಎಣ್ಣೆಯ ಗಿಂಡಿ ಹಿಡಿದು!

ದೀವಟಿಗೆಯವನ ಕೆಲಸ ಎಂಥದೆಂದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಚಿಕ್ಕಮಗಳೂರಿನ ಬಿಂಡಿಗದ ದೇವೀರಮ್ಮನ ಬೆಟ್ಟವನ್ನು ವಾಚಕರು ಬಲ್ಲರು. ದೀಪಾವಳಿಯ ಹೊತ್ತಿನಲ್ಲಿ ಸಾವಿರಾರು ಜನ ಆ ಕಡಿದಾದ ಬೆಟ್ಟವನ್ನು ಬರಿಗಾಲಲ್ಲಿ ಹತ್ತುತ್ತಾರೆ. ನನಗೆ ಹನ್ನೊಂದೋ ಹನ್ನೆರಡೋ ವರ್ಷವಾಗಿದ್ದಾಗ ನಮ್ಮ ಸೋದರಮಾವನ ಜೊತೆ ಹೋಗಿದ್ದೆ. ನಡುರಾತ್ರಿ ದಾಟಿದ ಮೇಲೆ ಹತ್ತಲು ತೊಡಗಿದೆವು. ಲಾಟೀನು ಹಿಡಿಯುವ ಗೌರವ ನನಗೆ ಸಿಕ್ಕಿತು. ಹಿಗ್ಗಿನಿಂದ ಅದನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿದೆ. ಮಾವ ಗದರಿಸಿದರು: "ಲೋ, ಮೇಲೆತ್ತಬೇಡ ಕಣೋ, ಮೊಣಕಾಲ್ ಹತ್ರ ಹಿಡಿ. ಜನ ನಿನ್ ಮುಖ ನೋಡ್ಕೊಂಡು ಹತ್ತುತಾರೇನೋ?" ಬೆಳಕು ತಗ್ಗಿನಲ್ಲಿದ್ದರೆ ಪ್ರತಿ ಕಲ್ಲಿಗೂ ಉದ್ದನೆಯ ನೆರಳು ಬಿದ್ದು ಹಳ್ಳ ತಿಟ್ಟು ಎದ್ದು ಕಾಣುತ್ತವೆ, ಎತ್ತರದಲ್ಲಿದ್ದರೆ ನೆಲವೆಲ್ಲ ಸಪಾಟಾದಂತೆ ತೋರುತ್ತದೆ. ಈಗ ಹುಡುಗರು ಹಣೆಗೆ ಕಟ್ಟಿಕೊಳ್ಳುವ ವಿದ್ಯುದ್ದೀಪಕ್ಕೂ ಇದೇ ದೋಷ. ನುರಿತ ಓಟಗಾರರು ಕೆಲವರು ಅದನ್ನು ಬಿಚ್ಚಿ ಸೊಂಟಕ್ಕೆ ಬಿಗಿಯುವುದನ್ನು ನೋಡಿದಾಗೆಲ್ಲ ನನಗೆ ಮಾವನ ನೆನಪಾಗುತ್ತದೆ. ಆ ರಾತ್ರಿ ನನ್ನನ್ನು ಮುಂದೆ ಬಿಟ್ಟು ಅವರು ಮಾತ್ರ ಎಲ್ಲರಿಗಿಂತ ಹಿಂದೆ ಬಂದರು. ವಯಸ್ಸಾಯಿತಲ್ಲ, ಏದುಸಿರು ಬರುತ್ತಿರಬೇಕು ಎಂದು ನಾನು ಅಂದುಕೊಂಡಿದ್ದೆ.

ಹೊರದೇಶದ ಮಾತೆತ್ತಿದ ಹುಡುಗನಿಗೂ ನ್ಯಾಯ ಸಲ್ಲಬೇಕು. ಗುಡ್ಡದ ಓಟಕ್ಕೆ ಹಗಲಿರುಳೂ ಜೊತೆಗಾರನಾಗಿ ತಾನಾಗಿಯೇ ಮುಂದೆ ಬರುವ ಪದ್ಧತಿ ನಿಯಮವಾಗಿ ಬೆಳೆದದ್ದು ಇಂಗ್ಲೆಂಡಿನ ಸರೋವರ ಸೀಮೆಯಲ್ಲಿ, ವರ್ಡ್ಸ್‌ವರ್ತ್ ಕವಿ ನಡೆದಾಡಿದ ನೆಲದಲ್ಲಿ. 1932ರ ಜೂನ್ ತಿಂಗಳಲ್ಲಿ ಕೆಸ್ವಿಕ್ ಊರಿನ ಬಾಬ್ ಗ್ರಹಾಂ ಎಂಬ ವಸತಿಗೃಹದ ಯಜಮಾನ ಇಪ್ಪತ್ತನಾಲ್ಕು ಗಂಟೆಯೊಳಗೆ 42 ಶಿಖರಗಳನ್ನು ಸುತ್ತಿ ಬಂದ. ಕಾಲಿಗೆ ಟೆನಿಸ್ ಶೂ, ಮೈಗೆ ಪಾಯಿಜಾಮದ ಮೇಲಂಗಿ, ಹೊಟ್ಟೆಗೆ ಬ್ರೆಡ್ಡು ಬೆಣ್ಣೆ, ಬೇಯಿಸಿದ ಮೊಟ್ಟೆ. ದಾರಿಯ ಒಂದೊಂದು ಭಾಗಕ್ಕೆ ಒಬ್ಬೊಬ್ಬ ಗೆಳೆಯ ಜೊತೆಗೂಡಿದ. 1960ರಲ್ಲಿ ಅಲನ್ ಹೀಟನ್ ಎಂಬವನು ಅವನನ್ನು ಮೀರಿಸುವವರೆಗೆ ಆ ದಾಖಲೆ ಉಳಿಯಿತು. 1971ರಲ್ಲಿ ಅವನ ಹೆಸರಿನಲ್ಲಿ ಒಂದು ಕ್ಲಬ್ಬು ಹುಟ್ಟಿತು. ಅದರ ಸದಸ್ಯನಾಗಲು ಒಂದು ಕಟ್ಟಳೆ: ಪ್ರತಿ ಶಿಖರದ ಮೇಲೂ ಜೊತೆಗಾರನೊಬ್ಬ ಸಾಕ್ಷಿಯಾಗಿರಬೇಕು. ಒಬ್ಬನೇ ಓಡಿ ಬಂದೆನೆಂದರೆ ಅವರು ಸೇರಿಸಿಕೊಳ್ಳುವುದಿಲ್ಲ.

ಇದನ್ನು ಓದಿದಾಗ ನಮ್ಮ ದಾನಶಾಸನಗಳು ಕಣ್ಣಮುಂದೆ ಬಂದವು. ಭೂಮಿ ಕೊಟ್ಟವನ, ಪಡೆದವನ ಹೆಸರಾದ ಮೇಲೆ ಎಷ್ಟೋ ಶಾಸನಗಳಲ್ಲಿ ಸಾಕ್ಷಿಗಳ ಪಟ್ಟಿ ಬರುತ್ತದೆ; ಕೆಲವದರಲ್ಲಿ ಕಲ್ಲು ಕೆತ್ತಿದವನ ಹೆಸರೂ ಉಂಟು. ನಮ್ಮ ಜಿಲ್ಲೆಯ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಯಾತ್ರಿಕರು ಬರೀ ತಮ್ಮ ಹೆಸರನ್ನು ಕೆತ್ತಿಸಿ ಹೋದದ್ದನ್ನೂ ಆರ್. ನರಸಿಂಹಾಚಾರ್ಯರು 1923ರ ಪರಿಷ್ಕೃತ ಸಂಪುಟದಲ್ಲಿ ಬಿಡದೆ ಸಂಗ್ರಹಿಸಿದ್ದಾರೆ. ದೂರದೂರಿಂದ ಬಂದು, ಬೆಟ್ಟ ಹತ್ತಿ, ಹೆಸರು ಬರೆಸಿದವರು. ಅವರಿಗೆ ದಾರಿ ತೋರಿಸಿದವನೊಬ್ಬ ಇದ್ದಿರಲೇಬೇಕು. (ಆ ಬೆಟ್ಟಕ್ಕೆ ನಾವು ಓಟ ಇಟ್ಟುಕೊಳ್ಳುವುದಿಲ್ಲ. ಅಲ್ಲಿ ಪಾದರಕ್ಷೆ ಬಿಟ್ಟು ಮೆಲ್ಲನೆ ಹತ್ತುವುದೇ ಚೆನ್ನು.)

ಇಷ್ಟೆಲ್ಲ ಓದಿಕೊಂಡು, ಬೆಳಕನ್ನು ತಗ್ಗಿಸಿ ಹಿಡಿದು, ನಾನು ಮೊದಲ ಇರುಳೋಟಕ್ಕೆ ಮುಂದಾಳಾದೆ. ಹಗಲಿನಲ್ಲಿ ಗುಂಪು ಚದುರಿದರೂ ಚಿಂತೆಯಿಲ್ಲ, ಗುಡ್ಡದ ಮೈಮೇಲೆ ಎಲ್ಲರೂ ಕಾಣುತ್ತಾರೆ. ಅದೇ ಅಭ್ಯಾಸದಲ್ಲಿ ಓಡಿದೆ. ನೆತ್ತಿ ಮುಟ್ಟಿ ನಿಂತಾಗ ಹೇಮಾವತಿಯ ಹಿನ್ನೀರಿನ ಕಡೆಯಿಂದ ಗಾಳಿ ಬೀಸುತ್ತಿತ್ತು. ಹುಡುಗರು ಫೋಟೋ ತೆಗೆಯಲು ಸಾಲಾಗಿ ನಿಂತರು. ಎಣಿಸಿದೆ: ಹದಿಮೂರು. ಮತ್ತೆ ಎಣಿಸಿದೆ. ಹೊರಟವರು ಹದಿನಾಲ್ಕು ಜನ.

ಆ ಮುಕ್ಕಾಲು ಗಂಟೆಯನ್ನು ನಾನು ಇಲ್ಲಿ ಬಣ್ಣಿಸಲಾರೆ. ಅವನ ತಾಯಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ವಾಕ್ಯ ಕಟ್ಟುತ್ತ, ಕೆಡಿಸುತ್ತ ಇಳಿದೆ. ಹುಡುಗ ಸಿಕ್ಕಿದ್ದು ಲಂಟಾನ ಪೊದೆಗಳ ಮಗ್ಗುಲಿನ ಒಂದು ಬಂಡೆಯ ಮೇಲೆ. ಮೀನಖಂಡ ಹಿಡಿದುಕೊಂಡು ಕುಳಿತುಬಿಟ್ಟಿದ್ದ. ಹಣೆಯ ದೀಪವೂ ಆರಿಹೋಗಿತ್ತು. ಕೂಗಬಾರದಿತ್ತೇನೋ ಎಂದು ರೇಗಿದೆ. "ನಿಮ್ ಬೆಳಕು ಕಾಣಿಸ್ತಾನೇ ಇತ್ತು ಸರ್. ಕೂಗಿದ್ರೆ ನನ್ನೊಬ್ಬನಿಗೋಸ್ಕರ ಎಲ್ಲರೂ ನಿಲ್ಬೇಕಾಗುತ್ತೆ ಅಂತ ಸುಮ್ನಿದ್ದೆ" ಎಂದ. ನಾನು ತಗ್ಗಿಸಿ ಹಿಡಿದ ಆ ಬೆಳಕು ಅವನಿಗೆ ಬೇಕಾದಲ್ಲಿರಲಿಲ್ಲ. ದೇವೀರಮ್ಮನ ಬೆಟ್ಟದಲ್ಲಿ ಮಾವ ಹಿಂದೆ ಬಂದದ್ದು ಏದುಸಿರಿನಿಂದಲ್ಲವೆಂದು ನನಗೆ ಗೊತ್ತಾಗಲು ಮೂವತ್ತು ವರ್ಷ ಹಿಡಿಯಿತು. ಅದನ್ನು ಹೇಳಿಕೊಳ್ಳೋಣವೆಂದರೆ ಅವರು ಈಗಿಲ್ಲ.

ಮರುವಾರ ಸಂತೆಯಲ್ಲಿ ಹಸುವಿನ ಕೊರಳಿಗೆ ಕಟ್ಟುವ ಗಂಟೆಯೊಂದನ್ನು ಕೊಂಡೆ. ಎಷ್ಟು ಹಸು ಕಟ್ಟಿದ್ದೀರಿ ಎಂದು ಅಂಗಡಿಯವನು ವಿಚಾರಿಸಿದ. ಹದಿನಾಲ್ಕು ಎಂದೆ. ಅಂಚೆಯ ಹರಿಕಾರನ ಗಂಟೆ ಮುಂದಿನವನನ್ನು ಎಬ್ಬಿಸಲು ಇದ್ದದ್ದು. ನಮ್ಮದು ಕೊನೆಯವನ ಸೊಂಟದಲ್ಲಿರುತ್ತದೆ. ಅದು ಕೇಳಿಸುವಷ್ಟು ಹೊತ್ತು ಮುಂದಿನವರು ಓಡಬಹುದು, ಕೇಳಿಸದಿದ್ದರೆ ನಿಲ್ಲಬೇಕು. ಮುಂದಾಳಿನ ಪದವಿಯನ್ನು ಎರಡನೆಯ ಬಿ.ಎ.ಯ ಹುಡುಗಿಯೊಬ್ಬಳಿಗೆ ಬಿಟ್ಟುಕೊಟ್ಟು ನಾನು ಹಿಂದಾಳಾದೆ. ಈ ಪದ ನಿಘಂಟಿನಲ್ಲಿದೆಯೇ ಸರ್ ಎಂದು ಅವಳು ಕೇಳಿದಳು. ಇಲ್ಲದಿದ್ದರೆ ಸೇರಿಸೋಣ ಎಂದೆ.

ಮುಂದಿನ ಹುಣ್ಣಿಮೆಯ ಓಟದಲ್ಲಿ, ಮೊದಲ ಏರಿನ ನಡುವೆ ನನ್ನ ಶೂವಿನ ಲಾಡಿ ಬಿಚ್ಚಿಕೊಂಡಿತು. ಕಟ್ಟಿಕೊಳ್ಳೋಣವೆಂದು ಒಂದು ಕಲ್ಲಿನ ಮೇಲೆ ಕುಳಿತೆ. ಎರಡು ನಿಮಿಷವೂ ಆಗಿರಲಿಲ್ಲ, ಮೇಲಿನಿಂದ ದನಿ ಬಂತು: "ಸರ್, ಗಂಟೆ ಕೇಳಿಸ್ತಿಲ್ಲ!" ತಲೆಯೆತ್ತಿ ನೋಡಿದೆ. ಹದಿನಾಲ್ಕು ದೀಪಗಳೂ ನಿಂತು, ನನ್ನ ಕಡೆಗೆ ತಿರುಗಿದ್ದವು.