ಪೆಟ್ರೋಲ್ ಚಾಲಿತ ತೋಟದ ಯಂತ್ರಗಳ ಶೇಖರಣೆ

ಬ್ರಷ್ ಕಟರ್, ಪವರ್ ಸ್ಪ್ರೇಯರ್, ಎಲೆ ಊದುವ ಬ್ಲೋವರ್, ಒತ್ತಡದ ನೀರಿನಿಂದ ತೊಳೆಯುವ ಯಂತ್ರ ಮೊದಲಾದವುಗಳನ್ನು ಬಳಕೆಯಿಲ್ಲದ ತಿಂಗಳುಗಳಲ್ಲಿ ಕೆಡದಂತೆ ಹಾಗೂ ಅಪಾಯವಾಗದಂತೆ ತೆಗೆದಿರಿಸುವ ಕ್ರಮವನ್ನು ಪೆಟ್ರೋಲ್ ಚಾಲಿತ ತೋಟದ ಯಂತ್ರಗಳ ಶೇಖರಣೆ ಎನ್ನುತ್ತಾರೆ. ಶೀತ ದೇಶಗಳಲ್ಲಿ ಪಂಪಿನೊಳಗಿನ ನೀರು ಹೆಪ್ಪುಗಟ್ಟಿ ಲೋಹ ಬಿರಿಯದಂತೆ ಚಳಿಗಾಲಕ್ಕೆ ಮೊದಲು ಈ ಕೆಲಸ ಮಾಡಲಾಗುತ್ತದೆ. ಕರ್ನಾಟಕದ ಬಯಲುಸೀಮೆಯಲ್ಲಿ ಹೆಪ್ಪುಗಟ್ಟುವ ಭಯವಿಲ್ಲ; ಇಂಧನ ಕೆಡುವುದು ಮತ್ತು ಬೆಂಕಿ ಇಲ್ಲಿನ ಮುಖ್ಯ ಸಮಸ್ಯೆಗಳು.

ಹಿನ್ನೆಲೆ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ತೆಂಗಿಗೆ ಹೆಸರಾದವು. ಶೆಟ್ಟಿಕೆರೆಯು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರ. ಈ ಭಾಗದ ತೋಟಗಳಲ್ಲಿ ಮಳೆಗಾಲದಲ್ಲಿ ಕಳೆ ಹುಲುಸಾಗಿ ಬೆಳೆಯುತ್ತದೆ. ಹಿಂಗಾರು ಮುಗಿದ ಬಳಿಕ ಕಳೆ ಒಣಗುವುದರಿಂದ ಬ್ರಷ್ ಕಟರ್‌ಗಳು ಮುಂದಿನ ಮುಂಗಾರಿನವರೆಗೆ ಮೂಲೆ ಸೇರುತ್ತವೆ.

ಇಂಧನ ಕೆಡುವ ಬಗೆ

ಪೆಟ್ರೋಲಿನ ಹಗುರವಾದ ಅಂಶಗಳು ಬಿಸಿಲಿಗೆ ಬೇಗ ಆವಿಯಾಗುತ್ತವೆ. ಉಳಿದುದು ಗಾಳಿಯ ಆಮ್ಲಜನಕದೊಡನೆ ಕೂಡಿ ಅಂಟಾಗಿ, ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ನೀಡಲಾಯಿತು. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಮಿತಿಮೀರಿದರೆ ನೀರು ಮತ್ತು ಎಥನಾಲ್ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ. ಇದರಿಂದ ಲೋಹಕ್ಕೆ ತುಕ್ಕು ಹಿಡಿಯಬಹುದು. ಎಥನಾಲಿಗೆ ತಕ್ಕುದಲ್ಲದ ರಬ್ಬರ್ ಭಾಗಗಳೂ ಹಾಳಾಗಬಹುದು.

ಶೇಖರಣೆಯ ಕ್ರಮ

ಎಂಜಿನ್ ತಣ್ಣಗಾದ ಬಳಿಕ ಟ್ಯಾಂಕಿನ ಪೆಟ್ರೋಲನ್ನು ಬಯಲಿನಲ್ಲಿ ಬಸಿದು ತೆಗೆಯಬೇಕು. ಅನಂತರ ಕಾರ್ಬ್ಯುರೇಟರಿನಲ್ಲಿ ಉಳಿದ ಇಂಧನ ತೀರಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಬೇಕು. ಮುಚ್ಚಿದ ಕೋಣೆಯಲ್ಲಿ ಓಡಿಸಿದರೆ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಪ್ರಾಣಕ್ಕೆ ಎರವಾಗುತ್ತದೆ. ಮತ್ತೆ ತಣಿದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಸಿಲಿಂಡರಿಗೆ ಕೆಲವು ಹನಿ ಎಂಜಿನ್ ಆಯಿಲ್ ಬಿಟ್ಟು, ಹಗ್ಗವನ್ನು ಎರಡು ಮೂರು ಬಾರಿ ನಿಧಾನವಾಗಿ ಎಳೆದು ಪ್ಲಗ್ಗನ್ನು ಮರಳಿ ಕೂರಿಸಬೇಕು.

ನಾಲ್ಕು ಸ್ಟ್ರೋಕ್ ಎಂಜಿನ್ನಿನ ಹಳೆಯ ಆಯಿಲನ್ನು ಶೇಖರಣೆಗೆ ಮೊದಲೇ ಬದಲಿಸುವುದು ಒಳ್ಳೆಯದು. ಗಾಳಿ ಶೋಧಕದ ಸ್ಪಂಜನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಬೇಕು. ಬ್ಲೇಡನ್ನು ಬಿಚ್ಚಿ ಹುಲ್ಲಿನ ರಸ ತೊಡೆದು ಎಣ್ಣೆ ಸವರಬೇಕು. ತೊಳೆಯುವ ಯಂತ್ರ ಹಾಗೂ ಸ್ಪ್ರೇಯರಿನ ಪಂಪು ಮತ್ತು ಪೈಪುಗಳಿಂದ ನೀರನ್ನು ಪೂರ್ತಿ ತೆಗೆಯಬೇಕು. ಇಲ್ಲವಾದರೆ ಕೊಳವೆಬಾವಿಯ ಗಡಸು ನೀರಿನ ಲವಣ ಒಳಗೆ ಕಟ್ಟಿಕೊಳ್ಳುತ್ತದೆ. ಕಣಜಗಳು ಮಣ್ಣಿನ ಗೂಡು ಕಟ್ಟದಂತೆ ಹೊಗೆಕೊಳವೆಯ ಬಾಯಿಗೆ ಬಟ್ಟೆ ಕಟ್ಟಿ, ಮತ್ತೆ ಬಳಸುವ ಮೊದಲು ಅದನ್ನು ಬಿಚ್ಚಬೇಕು.

ಸ್ಥಳ ಮತ್ತು ಸುರಕ್ಷತೆ

ತಿಪಟೂರು ಸೀಮೆಯಲ್ಲಿ ಉಂಡೆ ಕೊಬ್ಬರಿಗಾಗಿ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹಲವು ತಿಂಗಳು ಒಣಗಲು ಬಿಡುತ್ತಾರೆ. ಒಣ ಮಟ್ಟೆ, ನಾರು ಮತ್ತು ಎಣ್ಣೆಯ ಕೊಬ್ಬರಿ ಸುಲಭವಾಗಿ ಹೊತ್ತಿಕೊಳ್ಳುತ್ತವೆ. ಆದ್ದರಿಂದ ಅಟ್ಟದ ಕೆಳಗೆ ಪೆಟ್ರೋಲ್ ತುಂಬಿದ ಯಂತ್ರವನ್ನಾಗಲಿ ಡಬ್ಬಿಯನ್ನಾಗಲಿ ಇಡುವುದು ವರ್ಷದ ಬೆಳೆಯನ್ನೂ ಮನೆಯನ್ನೂ ಒಟ್ಟಿಗೆ ಪಣಕ್ಕಿಟ್ಟಂತೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದುದರಿಂದ ನೆಲದಲ್ಲೇ ಹರಿದು ದೂರದ ಬಚ್ಚಲೊಲೆಯ ಕಿಡಿಯನ್ನೂ ತಲುಪಬಲ್ಲದು.

1934ರ ಪೆಟ್ರೋಲಿಯಂ ಕಾಯಿದೆಯ ಪ್ರಕಾರ ಮಾರಾಟದ ಉದ್ದೇಶವಿಲ್ಲದೆ 30 ಲೀಟರ್‌ವರೆಗೆ ಪೆಟ್ರೋಲ್ ಇಟ್ಟುಕೊಳ್ಳಲು ಪರವಾನಗಿ ಬೇಕಿಲ್ಲ. ಆದರೆ ಅದು ಭದ್ರ ಮುಚ್ಚಳದ ಪಾತ್ರೆಯಲ್ಲಿರಬೇಕು: ಲೋಹದ್ದಾದರೆ 25 ಲೀಟರ್, ಗಾಜು ಅಥವಾ ಪಿಂಗಾಣಿಯದಾದರೆ 1 ಲೀಟರ್ ಮೀರಬಾರದು. ಕುಡಿಯುವ ನೀರಿನ ಪ್ಲಾಸ್ಟಿಕ್ ಬಾಟಲಿ ಇದಕ್ಕೆ ತಕ್ಕುದಲ್ಲ. ಮಕ್ಕಳು ಅದನ್ನು ನೀರೆಂದು ಕುಡಿಯುವ ಅಪಾಯವೂ ಇದೆ.

ಮರುಬಳಕೆ

ಮುಂಗಾರಿನಲ್ಲಿ ಯಂತ್ರವನ್ನು ಹೊರತೆಗೆದಾಗ ಇಂಧನದ ಕೊಳವೆಯಲ್ಲಿ ಬಿರುಕು ಅಥವಾ ಇಲಿ ಕಡಿದ ಗುರುತು ಇದೆಯೇ ಎಂದು ನೋಡಿ, ಹೊಸ ಪೆಟ್ರೋಲನ್ನೇ ತುಂಬಬೇಕು. ಎರಡು ಸ್ಟ್ರೋಕ್ ಎಂಜಿನ್ನಿಗೆ ಕೈಪಿಡಿಯಲ್ಲಿ ಹೇಳಿದ ಪ್ರಮಾಣದಲ್ಲಿ ಆಯಿಲ್ ಬೆರೆಸುವುದು ಕಡ್ಡಾಯ. ನಾಲ್ಕು ಸ್ಟ್ರೋಕ್ ಎಂಜಿನ್ನಿನಲ್ಲಿ ಆಯಿಲಿಗೆ ಪ್ರತ್ಯೇಕ ಸ್ಥಳವಿರುವುದರಿಂದ ಪೆಟ್ರೋಲಿಗೆ ಬೆರೆಸುವಂತಿಲ್ಲ.