ಬಣ್ಣ ಕಳಚಲು ಬಿಡದ ಭಾನುವಾರಗಳು

ಇವತ್ತು ರಾಮನಾಗಿ ಅರ್ಥ ಹೇಳಿದವರು ನಾಳಿನ ತಾಳಮದ್ದಳೆಯಲ್ಲಿ ವಾಲಿಯಾಗಿ ಕೂತು ಅದೇ ರಾಮನನ್ನು ತರಾಟೆಗೆ ತೆಗೆದುಕೊಂಡರೂ ನಮ್ಮ ಕರಾವಳಿಯಲ್ಲಿ ಯಾರಿಗೂ ಗೊಂದಲವಾಗುವುದಿಲ್ಲ. ಕಂಪನಿ ನಾಟಕದಿಂದ ಬಂದ ರಾಜ್‌ಕುಮಾರ್ ಬೇಡರ ಕಣ್ಣಪ್ಪನಾದರು, ಹಿರಣ್ಯಕಶಿಪುವಾದರು, ಸಿಐಡಿ 999 ಆಗಿ ಪಿಸ್ತೂಲನ್ನೂ ಹಿಡಿದರು. ಹೀಗಿರುವಾಗ ದೂರದರ್ಶನದ ‘ರಾಮಾಯಣ’ ಮಾತ್ರ ಅರುಣ್ ಗೋವಿಲ್ ಮತ್ತು ದೀಪಿಕಾ ಚಿಖಲಿಯಾರನ್ನು ರಾಮ ಸೀತೆಯರನ್ನಾಗಿಯೇ ಯಾಕೆ ಉಳಿಸಿಬಿಟ್ಟಿತು ಎಂಬುದು ನನಗೆ ಬಹುಕಾಲದ ಕುತೂಹಲ.

ಇಬ್ಬರೂ ದೇವರ ಪಾತ್ರಕ್ಕೆಂದು ಬಂದವರಲ್ಲ. ಮೇರಠ್‌ನ ಗೋವಿಲ್ 1977ರ ‘ಪಹೇಲಿ’ಯಿಂದ ಚಿತ್ರರಂಗಕ್ಕೆ ಕಾಲಿಟ್ಟು, 1979ರ ‘ಸಾವನ್ ಕೋ ಆನೇ ದೋ’ದಲ್ಲಿ ಪ್ರೇಮಿಯಾಗಿ ಗೆದ್ದಿದ್ದರು. ದೀಪಿಕಾ 1983ರ ‘ಸುನ್ ಮೇರಿ ಲೈಲಾ’ದ ನಾಯಕಿ. ರಮಾನಂದ ಸಾಗರ್ ಅವರ ‘ವಿಕ್ರಮ್ ಔರ್ ಬೇತಾಲ್’ನಲ್ಲಿ ಇಬ್ಬರೂ ಇದ್ದರು. ರಾಮನ ವೇಷದ ಪರೀಕ್ಷೆಯಲ್ಲಿ ಗೋವಿಲ್ ಮೊದಲಿಗೆ ಒಪ್ಪಿಗೆಯಾಗಲಿಲ್ಲವಂತೆ. ತುಟಿಯ ಮೇಲೆ ಒಂದು ಸಣ್ಣ ನಗೆ ತಂದುಕೊಂಡ ಮೇಲೆ ಎಲ್ಲವೂ ಕೂಡಿಬಂತೆಂದು ಅವರೇ ಹೇಳಿದ್ದಾರೆ. ಆ ನಗೆಯೇ ಮುಂದೆ ಅವರಿಗೆ ಬೇಲಿಯಾಯಿತು.

1987ರ ಜನವರಿ 25ರಿಂದ 1988ರ ಜುಲೈ 31ರವರೆಗೆ, ಭಾನುವಾರ ಬೆಳಗ್ಗೆ, 78 ಕಂತು. ನಾಟಕಕ್ಕಾದರೆ ಜನ ಹೊರಟು ಹೋಗಬೇಕು, ಮುಗಿದ ಮೇಲೆ ಕತ್ತಲಲ್ಲಿ ಮನೆಗೆ ನಡೆಯಬೇಕು. ಆ ನಡಿಗೆಯಲ್ಲೇ ವೇಷ ಇಳಿದುಹೋಗುತ್ತದೆ. ಟಿವಿ ಇದ್ದದ್ದು ನಡುಮನೆಯಲ್ಲಿ. ಸ್ನಾನ ಮಾಡಿ ಬಂದು ಕೂತವರು, ಪೆಟ್ಟಿಗೆಗೇ ಹೂವಿನ ಹಾರ ಹಾಕಿ ಊದುಬತ್ತಿ ಹಚ್ಚಿದವರು ಊರೂರಲ್ಲೂ ಇದ್ದರು. ಹತ್ತಿರದಿಂದ ತೋರಿಸಿದ ಆ ಎರಡು ಮುಖಗಳು ವಾರವಾರವೂ ಮನೆಗೆ ಬಂದು, ಗೋಡೆಯ ಪಟಗಳ ಸಾಲಿಗೆ ಸೇರಿದವು.

ಗೋವಿಲ್ ಮುಂದೆಯೂ ನಟಿಸಿದರು. ಆದರೆ ಕೈಗೆ ಬಂದ ಮುಖ್ಯ ಪಾತ್ರಗಳನ್ನು ನೋಡಿ: ಹರಿಶ್ಚಂದ್ರ, ಬುದ್ಧ. 1997ರ ‘ಲವ ಕುಶ’ ಚಿತ್ರದಲ್ಲಿ ಜಿತೇಂದ್ರ ರಾಮ, ಇವರು ಲಕ್ಷ್ಮಣ! ಸಿಗರೇಟು ಸೇದುವಾಗ ಅಪರಿಚಿತರೊಬ್ಬರು ಬೈದದ್ದಕ್ಕೆ ಆ ಚಟವನ್ನೇ ಬಿಟ್ಟೆ ಎಂದೂ ಅವರು ಹೇಳಿಕೊಂಡಿದ್ದಾರೆ. ಆರೋಗ್ಯಕ್ಕೆ ಒಳ್ಳೆಯದೇ ಆಯಿತು ಬಿಡಿ.

ದೀಪಿಕಾ ಒಂದಿಷ್ಟು ಕಾಲ ತಪ್ಪಿಸಿಕೊಂಡಿದ್ದು ಕನ್ನಡದಲ್ಲಿ. 1989ರ ‘ಇಂದ್ರಜಿತ್’ನಲ್ಲಿ ಅಂಬರೀಷ್‌ಗೆ ನಾಯಕಿಯಾದರು. 1990ರಲ್ಲಿ ಭಾರ್ಗವ ನಿರ್ದೇಶನದ ‘ಹೊಸ ಜೀವನ’ ಬಂತು. ನಾಯಕ, ದೂರದರ್ಶನಕ್ಕೆ ‘ಮಾಲ್ಗುಡಿ ಡೇಸ್’ ಕೊಟ್ಟ ಶಂಕರ್ ನಾಗ್. ತನ್ನ ಮೇಲೆ ಅತ್ಯಾಚಾರವೆಸಗಿದ ರೌಡಿಯನ್ನೇ ಮದುವೆಯಾಗಿ ತಿದ್ದುವ ಹೆಣ್ಣಿನ ಪಾತ್ರ ದೀಪಿಕಾರದು. ತಮಿಳಿನಿಂದ ಬಂದ ಆ ಕಥೆಯ ನ್ಯಾಯ ಇಂದು ನನಗೆ ಗಂಟಲಲ್ಲಿ ಇಳಿಯುವುದಿಲ್ಲ. ಅದೂ ಹೆಂಡತಿಯ ಸಹನೆಯ ಪರೀಕ್ಷೆಯೇ, ಅಗ್ನಿಯ ಬದಲು ಕೊಳೆಗೇರಿ. ಆದರೂ ಎರಡೇ ವರ್ಷದ ಹಿಂದೆ ಸೀತೆಯಾಗಿ ಕೈಮುಗಿಸಿಕೊಂಡವರು ಅಂಥ ಪಾತ್ರ ಒಪ್ಪಿದರು, ಕನ್ನಡದ ಪ್ರೇಕ್ಷಕರು ನೋಡಿದರು. ತಾಳಮದ್ದಳೆಯ ಅಭ್ಯಾಸ ಇನ್ನೂ ಸತ್ತಿರಲಿಲ್ಲ ಅನ್ನಿಸುತ್ತದೆ.

ಪ್ರೇಕ್ಷಕರ ಆ ಭಕ್ತಿಯನ್ನು ರಾಜಕೀಯ ಪಕ್ಷಗಳು ಬೇಗ ಗುರುತಿಸಿದವು. ಧಾರಾವಾಹಿ ಮುಗಿಯುವ ಮೊದಲೇ, 1988ರ ಅಲಹಾಬಾದ್ ಉಪಚುನಾವಣೆಯಲ್ಲಿ ಗೋವಿಲ್ ಕಾಂಗ್ರೆಸ್ ಪರ ಪ್ರಚಾರ ಮಾಡಿದರು, ಗೆದ್ದದ್ದು ವಿ.ಪಿ. ಸಿಂಗ್. 1991ರಲ್ಲಿ, ರಾಮಜನ್ಮಭೂಮಿ ಚಳವಳಿಯ ಕಾವಿನಲ್ಲಿ, ಬಿಜೆಪಿಯಿಂದ ಬರೋಡಾದಲ್ಲಿ ನಿಂತ ದೀಪಿಕಾ 26ನೇ ವಯಸ್ಸಿಗೆ ಸಂಸದೆಯಾದರು. ಅದೇ ಚುನಾವಣೆಯಲ್ಲಿ, ಅದೇ ಪಕ್ಷದಿಂದ, ಅದೇ ಗುಜರಾತಿನ ಸಾಬರಕಾಂಠಾದಲ್ಲಿ ಅರವಿಂದ ತ್ರಿವೇದಿಯೂ ಗೆದ್ದರು. ಅವರು ಆ ಧಾರಾವಾಹಿಯ ರಾವಣ! ಸೀತೆ, ರಾವಣ ಇಬ್ಬರಿಗೂ ಮತ ಹಾಕಿದವರು ಕಥೆಯನ್ನೇ ನಂಬಿದ್ದರೋ, ಪರಿಚಿತ ಮುಖವನ್ನೋ? ಎರಡನೆಯದೇ ಎಂದು ನನ್ನ ಅಂದಾಜು.

ದೀಪಿಕಾ ಒಂದೇ ಅವಧಿಗೆ ಲೋಕಸಭೆ ಬಿಟ್ಟರು, ಸಂಸಾರದ ಕಡೆ ಹೊರಳಿದರು. 2019ರ ‘ಬಾಲಾ’ದಲ್ಲಿ ಮತ್ತೆ ಕಂಡರು, ಟಿಕ್‌ಟಾಕ್‌ನಲ್ಲಿ ಮಿಂಚುವ ಹುಡುಗಿಯ ತಾಯಿಯಾಗಿ. ಮರುವರ್ಷ ಲಾಕ್‌ಡೌನ್‌ನಲ್ಲಿ ದೂರದರ್ಶನ ಹಳೆಯ ಕಂತುಗಳನ್ನೇ ಮತ್ತೆ ಹಾಕಿತು; ಆ ಭಾನುವಾರಗಳ ಕಾಲಕ್ಕೆ ಹುಟ್ಟಿರದ ಮಕ್ಕಳೂ ಕೂತು ನೋಡಿದರು. 2024ರಲ್ಲಿ ಗೋವಿಲ್ ಬಿಜೆಪಿಯಿಂದ ತಮ್ಮ ಮೇರಠ್‌ನಲ್ಲೇ ನಿಂತು, ಹತ್ತು ಸಾವಿರ ಚಿಲ್ಲರೆ ಮತಗಳಿಂದ ಗೆದ್ದರು. ಸೀತೆ ಸಂಸತ್ತಿಗೆ ಹೋಗಿ ಅಷ್ಟರಲ್ಲಿ 33 ವರ್ಷ ಕಳೆದಿತ್ತು.